ಒರೆಯನ್ನೇ ಒರೆಗೆ ಹಚ್ಚಿದ ರಾಯ್ಸ್

“ನನ್ನ ಸೊಂಟದಲ್ಲಿ ಪಿಸ್ತೂಲಿದೆ ಅಂತ ಕಂಡುಹಿಡಿಯೋ ಗಂಡು ಈ ಅಬಿಲೀನ್ ಊರಲ್ಲಿ ಇನ್ನೂ ಹುಟ್ಟಿಲ್ಲ!”

ರಾಯ್ಸ್ ಟ್ಯಾಕೆಟ್ ಹೀಗೆ ಘೋಷಿಸಿದ್ದು ತನ್ನ ಅಡುಗೆಮನೆಯ ನಟ್ಟನಡುವೆ ನಿಂತು. ಮೈಮೇಲೆ ಮಗಳ ಮದುವೆಗೆಂದು ಹೊಲಿಸಿದ ಹೊಸ ಕಪ್ಪು ಸೂಟು. ಎದೆ ಮುಂದೆ, ಕೈ ಅಗಲಕ್ಕೆ, ಗದ್ದ ಮೇಲಕ್ಕೆ. ಟೆಕ್ಸಾಸಿನ ಸಾಮ್ರಾಟ ಪಟ್ಟಾಭಿಷೇಕಕ್ಕೆ ಹೊರಟ ಠೀವಿ! ಹೆಂಡತಿ ನಡೀನ್ ಒಲೆಯ ಮುಂದೆ ಹಂದಿಮಾಂಸದ ಬೇಕನ್ ಹುರಿಯುತ್ತಿದ್ದಳು. ಅರೆಗಳಿಗೆ ತಿರುಗಿ ನೋಡಿದಳು.

“ಗಂಡು ಹುಟ್ಟಿಲ್ಲ, ಸರಿ. ಹೆಣ್ಣು ಹುಟ್ಟಿದಾಳೆ. ಬಲಗಡೆ, ಸೊಂಟದ ಹಿಂದೆ. ಕೋಟಿನೊಳಗೆ ಮೊಲ ಕೂತಹಾಗಿದೆ.”

ಸಾಮ್ರಾಟನ ಗದ್ದ ಕೆಳಗಿಳಿಯಿತು.

ರಾಯ್ಸ್ ಊರಿನ ಹಳೇ ಪೇಟೆಯಲ್ಲಿ ಒಡವೆ ಅಂಗಡಿ ಇಟ್ಟವನು. ಹಿಂದೊಮ್ಮೆ ಮುಸುಕು ಹಾಕಿದವನೊಬ್ಬ ನುಗ್ಗಿ ಗಾಜು ಪುಡಿಮಾಡಿ ಹೋದಂದಿನಿಂದ ಪಿಸ್ತೂಲಿಲ್ಲದೆ ಹೊಸ್ತಿಲು ದಾಟಿದವನಲ್ಲ. ಆ ಊರಲ್ಲಿ ಇದೇನು ದೊಡ್ಡ ಸಂಗತಿಯೂ ಅಲ್ಲ. ಕನ್ನಡಕ, ಕೀಲಿಕೈ, ಪಿಸ್ತೂಲು ಎಂದು ಮೈ ತಡವಿಕೊಂಡು ಹೊರಡುವವರು ಬೀದಿಗೆ ನಾಲ್ವರಿದ್ದರು. ದಿನವೂ ಅವನು ತೊಡುತ್ತಿದ್ದುದು ಗೋಣಿಚೀಲದಷ್ಟು ಸಡಿಲವಾದ ಚೌಕಳಿ ಅಂಗಿ. ಅದರಡಿ ಪಿಸ್ತೂಲೇನು, ಫಿರಂಗಿ ಇಟ್ಟುಕೊಂಡರೂ ಕೇಳುವವರಿಲ್ಲ. ಆದರೆ ಸೂಟು? ಸೂಟೆಂಬುದು ಚಾಡಿಕೋರ! ಒಳಗಿದ್ದುದನ್ನೆಲ್ಲ ಊರಿಗೆ ಡಂಗುರ ಸಾರುವ ಬಟ್ಟೆ!

ಅದರ ಮೇಲೆ ಮಗಳಿಗೆ ಕೊಟ್ಟ ಮಾತು ಬೇರೆ. ಮಾರ್ಲಾ ಟೀಚರಾಗಿ ದೂರದ ವರ್ಮಾಂಟ್ ರಾಜ್ಯಕ್ಕೆ ಹೋದವಳು ಅಲ್ಲಿಯ ನೋಲನ್ ಥೇಯರ್ ಎಂಬ ಹುಡುಗನನ್ನು ಮೆಚ್ಚಿದ್ದಳು. ಮದುವೆ ಮಾತ್ರ ಹುಟ್ಟೂರಿನಲ್ಲೇ ಆಗಬೇಕೆಂದು ಹಟ. ದಿನ ಗೊತ್ತಾದ ಮೇಲೆ ಫೋನು ಮಾಡಿದಳು.

“ಅಪ್ಪಾ, ನೋಲನ್ ಮನೆಯವರು ಮೆತ್ತಗಿನ ಜನ. ಅವರಮ್ಮ ಅಂತೂ ಹೂವಿನಂಥವರು. ಪಿಸ್ತೂಲು ಕಂಡ್ರೆ ಹೆದರಿಕೊಳ್ತಾರೆ. ನನ್ನ ಮದುವೇಲಿ ಅದು ಕಾಣಿಸಬಾರದು. ಮಾತು ಕೊಡು.”

“ಕೊಟ್ಟೆ ಮಗಳೇ! ಯಾರ ಕಣ್ಣಿಗೂ ಕಾಣಿಸಲ್ಲ!”

ನಡೀನ್ ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಂಡಿದ್ದಳು. “ಅವಳು ಹೇಳಿದ್ದು ತರಬೇಡ ಅಂತ, ರಾಯ್ಸ್.”

“ಅವಳು ಹೇಳಿದ್ದು ಕಾಣಿಸಬಾರದು ಅಂತ! ನಾನೇನು ಕಿವುಡನಾ?”

“ಕಿವುಡ ಆಗಿದ್ರೆ ಚೆನ್ನಾಗಿತ್ತು. ಕೇಳಿಸಿಯೂ ಹೀಗಾಡ್ತೀಯಲ್ಲ, ಅದಕ್ಕೆ ಮದ್ದಿಲ್ಲ.”

ಹೀಗೆ ಶುರುವಾಯಿತು ಸೂಟಿಗೊಪ್ಪುವ ಪಿಸ್ತೂಲಿನ ಒರೆಯ ಶೋಧ. ಜೀವಮಾನವೆಲ್ಲ ಚಿನ್ನವನ್ನು ಒರೆಗೆ ಹಚ್ಚಿದವನು ಈಗ ಒರೆಯನ್ನೇ ಒರೆಗೆ ಹಚ್ಚಲು ಟೊಂಕ ಕಟ್ಟಿದ. ಪ್ರಯೋಗಕ್ಕೆಂದು ಪಿಸ್ತೂಲಿನ ಗುಂಡೆಲ್ಲ ತೆಗೆದು, ಎರಡೆರಡು ಸಲ ನೋಡಿ, ಖಾಲಿ ಮಾಡಿಕೊಂಡ. ಆ ವಿಷಯದಲ್ಲಿ ಅವನು ಶಿಸ್ತಿನ ಮನುಷ್ಯ. ತಲೆ ಖಾಲಿಯೆಂದು ನಡೀನ್ ಅನ್ನುತ್ತಿದ್ದಳು, ಅದು ಬೇರೆ ಮಾತು.

ಮೊದಲಿಗೆ ಪ್ಯಾಂಟಿನೊಳಗೆ ಸಿಕ್ಕಿಸುವ ಚರ್ಮದ ಒರೆ. ಅದನ್ನು ಬೆಲ್ಟಿಗೆ ಕಚ್ಚಿಸಲು ಒಂದು ಉಕ್ಕಿನ ಕೊಕ್ಕೆ. “ಕೂತು ನೋಡು,” ಎಂದಳು ನಡೀನ್. ಊಟದ ಕುರ್ಚಿಯಲ್ಲಿ ಗಂಭೀರವಾಗಿ ಕೂತ. “ಈಗ ಏಳು. ಬೀಗರು ಬಂದ್ರು ಅಂದ್ಕೋ.” ಎದ್ದ. ಜೊತೆಗೆ ಕುರ್ಚಿಯೂ ಎದ್ದಿತು! ಕೊಕ್ಕೆ ಬೆಲ್ಟನ್ನು ಬಿಟ್ಟು ಕುರ್ಚಿಯ ಬೆನ್ನುಪಟ್ಟಿಯನ್ನು ಹಿಡಿದಿತ್ತು. ಕುರ್ಚಿ ಹೊತ್ತುಕೊಂಡೇ ರಾಯ್ಸ್ ಒಂದು ಸುತ್ತು ತಿರುಗಿದ, ಹೂಜಿಯಲ್ಲಿದ್ದ ತಂಪು ಚಹಾ ನೆಲಕ್ಕೆ ಅಭಿಷೇಕವಾಯಿತು.

“ಬೀಗರನ್ನ ಎದುರುಗೊಳ್ಳೋಕೆ ಇದು ಒಳ್ಳೇ ಪದ್ಧತಿ,” ಎಂದಳು ನಡೀನ್. “ಕೂರಿ ಅಂತ ಹೇಳೋ ಶ್ರಮವೇ ಇಲ್ಲ.”

ಆಮೇಲೆ ಹೆಗಲಿಗೆ ಕಟ್ಟಿ ಕಂಕುಳಲ್ಲಿ ತೂಗುವ ಒರೆ. ಕನ್ನಡಿಯಲ್ಲಿ ನೋಡಿಕೊಂಡರೆ ಗುಪ್ತಚರ ಇಲಾಖೆಯ ಮುಖ್ಯಸ್ಥನೇ! “ಈಗ ನನ್ನ ತಬ್ಬಿಕೋ,” ಎಂದಳು ನಡೀನ್. ಬಹಳ ವರ್ಷಗಳ ಮೇಲೆ ಕೇಳಿಬಂದ ಮಾತು! ರಾಯ್ಸ್ ಉತ್ಸಾಹದಿಂದಲೇ ತಬ್ಬಿಕೊಂಡ.

“ಅಯ್ಯಯ್ಯೋ, ಪಕ್ಕೆಲುಬು!” ಎಂದು ನಡೀನ್ ಚಂಗನೆ ಹಾರಿದಳು. “ಮದುವೇಲಿ ಬಂದೋರೆಲ್ಲ ನಿನ್ನ ತಬ್ಬಿಕೊಳ್ತಾರೆ ಪುಣ್ಯಾತ್ಮ! ಊಟಕ್ಕೆ ಮೊದಲೇ ಎಲ್ಲರೂ ಮೂಳೆ ಡಾಕ್ಟರ ಹತ್ರ ಸಾಲು ನಿಲ್ಲಬೇಕಾಗುತ್ತೆ!”

ಮೂರನೆಯದು ಕಾಲಿನ ಗಿಣ್ಣಿಗೆ ಕಟ್ಟುವ ಒರೆ. ಅದನ್ನು ಪರೀಕ್ಷಿಸಲು ಅವನು ಆರಿಸಿದ ಜಾಗ ಭಾನುವಾರದ ಚರ್ಚು. ಕಾಲ ಮೇಲೆ ಕಾಲು ಹಾಕಿದರೆ ಪ್ಯಾಂಟು ಮೇಲೇರಿ ಗುಟ್ಟು ರಟ್ಟಾದೀತೆಂದು ಉಪದೇಶ ಮುಗಿಯುವವರೆಗೂ ಕಾಲು ಅಲುಗಿಸದೆ ಕಲ್ಲುಕಂಬದಂತೆ ಕೂತ. ಬಿಗಿದ ಪಟ್ಟಿಗೆ ಕಾಲು ಜೋಮು ಹಿಡಿಯಿತು. ಸ್ತುತಿಗೀತೆಗೆ ಎಲ್ಲರೂ ಎದ್ದಾಗ ಇವನೂ ಎದ್ದ, ಕಾಲು ಮಾತ್ರ ಏಳಲಿಲ್ಲ. ಎರಡೂ ಕೈ ಮೇಲೆತ್ತಿ “ಓ!” ಎಂದು ಮುಂದಿನ ಬೆಂಚಿನ ಮೇಲೆ ಬಿದ್ದ. ಪಾದ್ರಿ ಪವಿತ್ರಾತ್ಮವೇ ಇಳಿಯಿತೆಂದು ಭಾವಿಸಿ ಕಣ್ಣೊರೆಸಿಕೊಂಡು “ಆಮೆನ್!” ಎಂದರು. ಸಭೆಯೆಲ್ಲ “ಆಮೆನ್!” ಎಂದಿತು. ಆ ವಾರವೆಲ್ಲ ಒಡವೆ ಅಂಗಡಿಗೆ ಬಂದವರು ಉಂಗುರ ಕೊಳ್ಳುವ ಮೊದಲು ರಾಯ್ಸನಿಂದ ಆಶೀರ್ವಾದ ಕೇಳಿದರು.

ಆದರೂ ರಾಯ್ಸ್ ಕುಗ್ಗಲಿಲ್ಲ. ಕೊನೆಗೆ ಸಿಕ್ಕಿತು ಮಹಾಮಂತ್ರ: ಹೊಟ್ಟೆಪಟ್ಟಿ! ಅಂಗಿಯ ಒಳಗೆ, ಬನೀನಿನ ಮೇಲೆ ಸುತ್ತಿಕೊಳ್ಳುವ ಅಗಲವಾದ ಎಲಾಸ್ಟಿಕ್ ಪಟ್ಟಿ. ಅದರಲ್ಲೇ ಪಿಸ್ತೂಲು ತೂರಿಸಲು ಗಟ್ಟಿ ಚೀಲ. ಬಿಗಿದು ಕಟ್ಟಿದಾಗ ಉಸಿರು ಅರ್ಧಕ್ಕೇ ನಿಂತಿತು, ನಿಜ. ಆದರೆ ನಡೀನ್ ಅವನ ಸುತ್ತ ದೇವರಿಗೆ ಪ್ರದಕ್ಷಿಣೆ ಬಂದಂತೆ ಬಂದು, ಬಗ್ಗಿ ನೋಡಿ, ಎದ್ದು ನೋಡಿ, ಸೋತಳು.

“ಏನೂ ಕಾಣ್ತಿಲ್ಲ,” ಎಂದು ಒಪ್ಪಿಕೊಂಡಳು. “ಆದ್ರೆ ಅಂಗಿ ಕೆಳಗಿದೆಯಲ್ಲ, ಕಳ್ಳ ಬಂದ್ರೆ ಹೇಗೆ ತೆಗೀತೀಯ? ‘ಸ್ವಲ್ಪ ನಿಲ್ಲಪ್ಪ, ಗುಂಡಿ ಬಿಚ್ಚಿಕೊಳ್ತೀನಿ’ ಅಂತೀಯಾ?”

“ಅದೆಲ್ಲ ಅಭ್ಯಾಸ! ನೀನು ಗೆದ್ದವನ ಕೈ ಕುಲುಕು!”

ಮದುವೆ ನಡೆದದ್ದು ಊರಾಚೆ ದನ ಸಾಕುವ ಒಂದು ರ‍್ಯಾಂಚಿನಲ್ಲಿ. ಓಕ್ ಮರಗಳ ಕೆಳಗೆ ಬಿಳಿ ಕುರ್ಚಿಗಳು, ಒಂದು ಕಡೆ ಪಿಟೀಲಿನವರು, ಪಕ್ಕದಲ್ಲಿ ಹೊಗೆಯಾಡುತ್ತಿದ್ದ ಬ್ರಿಸ್ಕೆಟ್ ಮಾಂಸದ ಘಮ. ರಾಯ್ಸ್ ಅರ್ಧ ಉಸಿರಿನಲ್ಲೇ ಎಲ್ಲರನ್ನೂ ತಬ್ಬಿಕೊಂಡ. ಯಾರೂ ಹೌಹಾರಲಿಲ್ಲ. ಅಬಿಲೀನಿನ ಹದ್ದುಗಣ್ಣಿನವರೆಲ್ಲ ಬೆನ್ನು ತಟ್ಟಿ ಹೋದರು, ಒಬ್ಬನಿಗೂ ಸುಳಿವಿಲ್ಲ! ಹೆಂಡತಿಯ ಕಡೆ ನೋಡಿ ಮೀಸೆ ತಿರುವಿದ. ನೆಟ್ಟಗೆ ನಡೆಯುತ್ತಿದ್ದ ಅವನ ಗತ್ತು ನೋಡಿ, “ಮಗಳ ಮದುವೆ ನೋಡಿ, ಎಷ್ಟು ಹೆಮ್ಮೆ!” ಎಂದವರೂ ಇದ್ದರು. ನಿಜವೆಂದರೆ ಅವನಿಗೆ ಬಗ್ಗಲು ಬರುತ್ತಿರಲಿಲ್ಲ.

ಮದುಮಗಳ ಕೋಣೆಗೆ ಹೋದ. ಬಿಳಿ ಉಡುಪಿನಲ್ಲಿ ಮಾರ್ಲಾ ತಿರುಗಿ ನಿಂತಾಗ ಅವನ ಉಳಿದರ್ಧ ಉಸಿರೂ ನಿಂತಿತು.

“ಅಪ್ಪಾ, ಎಷ್ಟು ಚೆನ್ನಾಗಿ ಕಾಣ್ತಿದೀಯ! ನಂಗೆ ಕೊಟ್ಟ ಮಾತು ಉಳಿಸಿಕೊಂಡೆ ಅಲ್ವಾ?”

“ಏನಾದ್ರೂ ಕಾಣಿಸ್ತಿದೆಯಾ?”

“ಇಲ್ಲ.”

“ಮತ್ತೆ!” ಎಂದ ರಾಯ್ಸ್. ಆದರೆ ಮಗಳು ಅಷ್ಟು ನಂಬಿಕೆಯಿಂದ ನಕ್ಕಾಗ ಪಟ್ಟಿಯ ಕೆಳಗೆ ಎಲ್ಲೋ ಚುಚ್ಚಿದಂತಾಯಿತು.

ಅಷ್ಟರಲ್ಲಿ ಅವಳ ಮುತ್ತಿನ ಓಲೆ ಕಳಚಿ ನೆಲಕ್ಕೆ ಬಿತ್ತು. ಒಡವೆ ಅಂಗಡಿಯವನ ಮಗಳ ಓಲೆ, ಅವನೇ ಕೂತು ಮಾಡಿದ್ದು! ತಾನೇ ಎತ್ತಿಕೊಡುವೆನೆಂದು ಬಗ್ಗಿದ. ಪಿಸ್ತೂಲಿನ ಹಿಡಿ ಪಕ್ಕೆಯ ಸಂದಿಗೆ ನುಗ್ಗಿತು. “ಹುಕ್!” ಎಂದು ಅರ್ಧದಲ್ಲೇ ನಿಂತ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಹಣೆಯಲ್ಲಿ ಬೆವರು, ಕೈ ಬಲಗಡೆ ಹೊಟ್ಟೆಯ ಮೇಲೆ.

ಇದೇ ಗಳಿಗೆಗೆ ಬಾಗಿಲಲ್ಲಿ ಕಾಣಿಸಿಕೊಂಡವರು ಬೀಗಿತ್ತಿ ವಿನಿಫ್ರೆಡ್ ಥೇಯರ್, ಬೆನ್ನಿಗೇ ನಡೀನ್. ಸೊಸೆಯನ್ನು ಹರಸಲು ಬಂದಿದ್ದ ಆ ಬೆಳ್ಳಿಗೂದಲಿನ ಹೆಂಗಸು ಒಂದು ನೋಟಕ್ಕೆ ಎಲ್ಲವನ್ನೂ ಅಳೆದರು.

“ಟ್ಯಾಕೆಟ್ ಅವರೇ, ಸೋಫಾ ಮೇಲೆ ಮಲಗಿ.”

“ಏನಿಲ್ಲ ತಾಯಿ, ಏನಿಲ್ಲ!”

“ನಾನು ಜನ್ಮವೆಲ್ಲ ಆಸ್ಪತ್ರೇಲಿ ನರ್ಸ್ ಆಗಿದ್ದೋಳು. ‘ಏನಿಲ್ಲ’ ಅಂದೋರನ್ನೇ ಮೊದಲು ಸ್ಟ್ರೆಚರ್ ಮೇಲೆ ಹಾಕ್ತಿದ್ದೆ. ಮಲಗಿ!”

ಆ ದನಿಗೆ ಎದುರಾಡಲು ಟೆಕ್ಸಾಸಿನ ಸಾಮ್ರಾಟನಿಗೂ ಧೈರ್ಯ ಬರಲಿಲ್ಲ. ಮಲಗಿದ. ವಿನಿಫ್ರೆಡ್ ಎರಡು ಬೆರಳಲ್ಲಿ ಅಂಗಿಯ ಮೇಲಿಂದಲೇ ಮುಟ್ಟಿ ನೋಡಿದರು. ಅವರ ಹುಬ್ಬು ಮೇಲೇರಿತು.

“ದೇವರೇ! ಕಲ್ಲಿನ ಹಾಗಿದೆ. ಎಷ್ಟು ದಿನದಿಂದ ಇದೆ ಇದು?”

“ಅದು... ಯಾವಾಗಲೂ ಇರುತ್ತೆ.”

“ಬೆಳೀತಾ ಇದೆಯಾ?”

“ಇಲ್ಲ ಇಲ್ಲ, ಕೊಂಡಾಗ ಎಷ್ಟಿತ್ತೋ...” ರಾಯ್ಸ್ ನಾಲಿಗೆ ಕಚ್ಚಿಕೊಂಡ.

“ಪಾಪ, ಏನೇನೋ ಬಡಬಡಿಸ್ತಿದಾರೆ,” ಎಂದು ವಿನಿಫ್ರೆಡ್ ಅವನ ಹಣೆ ಮುಟ್ಟಿದರು.

ಮಾರ್ಲಾ ಬಿಳಿ ಉಡುಪಿನಲ್ಲೇ ನೆಲದ ಮೇಲೆ ಕುಸಿದಳು. ಅಪ್ಪನ ಕೈ ಹಿಡಿದುಕೊಂಡಳು. ಕಣ್ಣಿನ ಕಪ್ಪು ಕರಗಿ ಕೆನ್ನೆಗಿಳಿಯುತ್ತಿತ್ತು. “ಗಡ್ಡೆನಾ ಅಪ್ಪಾ? ಗೊತ್ತಿದ್ದೂ ಸುಮ್ನಿದ್ದೆಯಾ? ನನ್ನ ಮದುವೆ ಕೆಡುತ್ತೆ ಅಂತ ನುಂಗಿಕೊಂಡಿದ್ಯಾ? ಮದುವೆ ಇನ್ನೊಂದು ದಿನ ಆಗುತ್ತೆ. ಅಮ್ಮಾ, ಪಿಟೀಲಿನೋರಿಗೆ ನಿಲ್ಲಿಸು ಅಂತ ಹೇಳು! ಆಂಬುಲೆನ್ಸ್ ಕರಿ!”

ನಡೀನ್ ಬಾಗಿಲಿಗೆ ಒರಗಿ ಕೈ ಕಟ್ಟಿ ನಿಂತಿದ್ದಳು. “ಹೇಳು ರಾಯ್ಸ್. ಆ ಗಡ್ಡೆ ಹೆಸರು ಏನು ಅಂತ ನೀನೇ ಹೇಳು.”

ರಾಯ್ಸ್ ಮಗಳ ಮುಖ ನೋಡಿದ. ಚಿಕ್ಕವಳಿದ್ದಾಗ ಸೈಕಲ್ಲಿನಿಂದ ಬಿದ್ದು ಬಂದು ನಿಲ್ಲುತ್ತಿದ್ದ ಮುಖವೇ. ಆಗ ಬೀಳಿಸಿದ್ದು ಸೈಕಲ್ಲು. ಈಗ ಬೀಳಿಸಿದವನು ತಾನು.

“ಗಡ್ಡೆ ಅಲ್ಲ ಮಗಳೇ,” ಎಂದ ಸಣ್ಣಗೆ. “ಪಿಸ್ತೂಲು.”

ಮಾರ್ಲಾ ಮೊದಲು ನಕ್ಕಳು, ಆಮೇಲೆ ಅತ್ತಳು, ಆಮೇಲೆ ಎದ್ದು ನಿಂತು ಗುಡುಗಿದಳು. “ಮಾತು ಕೊಟ್ಟಿದ್ದೆ!”

“ಕಾಣಿಸಲ್ಲ ಅಂತ...”

“ಅಪ್ಪಾ!”

“ತಪ್ಪಾಯ್ತು. ಕೇಳಿಸಿತ್ತು, ಅರ್ಥವೂ ಆಗಿತ್ತು. ಆದ್ರೆ ಇವತ್ತು ನಿನ್ನ ಇನ್ನೊಬ್ಬರ ಕೈಗೆ ಕೊಡಬೇಕು. ಇಷ್ಟು ಜನರ ನಡುವೆ ಬರಿಗೈಲಿ ನಡೆಯೋಕೆ ಒಂಥರಾ ಭಯ ಆಯ್ತು.”

ಮಾರ್ಲಾ ಮೂಗೊರೆಸಿಕೊಂಡಳು. “ಬರಿಗೈ ಯಾಕಾಗುತ್ತೆ? ನನ್ನ ಕೈ ಹಿಡ್ಕೊಂಡಿರ್ತೀಯಲ್ಲ. ಓಲೆ ಎತ್ತೋಕೆ ಬಗ್ಗೋಕಾಗದೋನು, ಅದನ್ನ ಕಟ್ಕೊಂಡು ಯಾರನ್ನ ಕಾಯ್ತೀಯ?”

ರಾಯ್ಸ್ ಬೀಗಿತ್ತಿಯ ಕಡೆ ತಿರುಗಿದ. “ನಿಮ್ಮನ್ನೂ ಹೆದರಿಸಿಬಿಟ್ಟೆ. ಕ್ಷಮಿಸಿ ತಾಯಿ. ನೀವು ಮೆತ್ತಗಿನ ಜನ ಅಂತ ಮಾರ್ಲಾ ಮೊದಲೇ ಹೇಳಿದ್ದಳು.”

ವಿನಿಫ್ರೆಡ್ ಅವನ ಹೊಟ್ಟೆಯನ್ನೇ ದಿಟ್ಟಿಸುತ್ತಿದ್ದರು. “ಪಟ್ಟಿ ತುಂಬಾ ಮೇಲೆ ಕಟ್ಟಿದೀರಿ. ಇನ್ನೂ ಕೆಳಗೆ, ಸ್ವಲ್ಪ ಓರೆಯಾಗಿ ಕಟ್ಟಿದ್ರೆ ಉಸಿರೂ ಆಡುತ್ತೆ, ಬಗ್ಗೋಕೂ ಬರುತ್ತೆ.”

ರಾಯ್ಸ್ ಮೊಣಕೈ ಊರಿ ಅರ್ಧ ಎದ್ದ. “ನಿಮಗೆ ಹೇಗೆ ಗೊತ್ತು?”

“ನಮ್ಮಲ್ಲಿ ನೆರೆಮನೆ ಅಂದ್ರೆ ಗುಡ್ಡದಾಚೆ. ಕೋಳಿಗೂಡಿಗೆ ಕರಡಿ ಬರುತ್ತೆ. ನಾನು ಪಿಸ್ತೂಲು ಇಟ್ಕೊಳ್ಳದೆ ಅಂಗಳಕ್ಕೆ ಇಳಿಯೋಳಲ್ಲ. ಈ ಸಲ ಮಾತ್ರ ಮನೇಲೇ ಬಿಟ್ಟು ಬಂದೆ, ಮಾರ್ಲಾ ಕೇಳಿಕೊಂಡಳು ಅಂತ.” ಅವರು ಸೊಸೆಯ ಕಡೆ ತಿರುಗಿದರು. “‘ನಮ್ಮಪ್ಪ ಮೆತ್ತಗಿನ ಮನುಷ್ಯ, ಪಿಸ್ತೂಲು ಕಂಡ್ರೆ ಹೆದರಿಕೊಳ್ತಾರೆ’ ಅಂದೆಯಲ್ಲಮ್ಮ?”

ಮಾರ್ಲಾ ಮದುವೆಯ ಹೂಗೊಂಚಲನ್ನು ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ನಡೀನ್ ನಕ್ಕ ಸದ್ದಿಗೆ ಹೊರಗಿನ ಪಿಟೀಲು ತಾಳ ತಪ್ಪಿತು.

ರಾಯ್ಸ್ ತನ್ನ ಗಾಡಿಗೆ ಹೋಗಿ ಪಿಸ್ತೂಲನ್ನು ಸೀಟಿನ ಕೆಳಗಿನ ಉಕ್ಕಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಹೊಟ್ಟೆಪಟ್ಟಿಯನ್ನೂ ಬಿಚ್ಚಿ ಎಸೆದ. ಅಬ್ಬಾ, ಎಂಥ ಉಸಿರು! ಬಂದು ಓಲೆ ಎತ್ತಿ ಮಗಳ ಕಿವಿಗೆ ಹಾಕಿದ. ಓಕ್ ಮರಗಳ ಕೆಳಗೆ ಅವಳ ಕೈ ಹಿಡಿದು ನಡೆಸಿದ. ನಡೆಯುವಾಗ ಅವಳು ಅವನ ಕೈಯನ್ನು ಗಟ್ಟಿಯಾಗಿ ಒತ್ತಿ ಹಿಡಿದಳು. ಮದುವೆ ಸಾಂಗವಾಯಿತು.

ಆಮೇಲೆ ಫೋಟೋಗೆಂದು ಎರಡೂ ಮನೆಯವರು ಸಾಲಾಗಿ ನಿಂತರು. ರಾಯ್ಸ್ ನಟ್ಟನಡುವೆ, ಎದೆ ಮತ್ತೆ ಮುಂದೆ, ಗದ್ದ ಮತ್ತೆ ಮೇಲೆ. ಮೈಯೆಲ್ಲ ಹಗುರ, ಮನಸ್ಸು ಗಂಗಾಜಲ! ಫೋಟೋ ತೆಗೆಯುವವಳು ಅಬಿಲೀನಿನವಳೇ, ಆರ್ಲೀನ್ ಎಂದು ಹೆಸರು. ಕ್ಯಾಮೆರಾದಲ್ಲಿ ಕಣ್ಣಿಟ್ಟವಳು ತಲೆ ಎತ್ತಿ ಸಂಕೋಚದಿಂದ ಹತ್ತಿರ ಬಂದಳು.

“ಬೇಜಾರು ಮಾಡ್ಕೋಬೇಡಿ ಟ್ಯಾಕೆಟ್ ಅವರೇ. ಕೋಟಿನೊಳಗೆ ಏನೋ ಉಬ್ಬಿಕೊಂಡು ಕಾಣ್ತಿದೆ. ಪಿಸ್ತೂಲು ಆಗಿದ್ರೆ ಒಂದು ನಿಮಿಷ ಪಕ್ಕಕ್ಕಿಡ್ತೀರಾ?”

ರಾಯ್ಸ್ ಇದಕ್ಕೇ ಕಾದಿದ್ದವನಂತೆ ಕೋಟಿನ ಎರಡೂ ಪಕ್ಕವನ್ನು ಸರಕ್ಕನೆ ತೆರೆದು ಹಿಡಿದ. “ನೋಡಮ್ಮ! ಎಲ್ಲಾರೂ ನೋಡಿ! ಏನೂ ಇಲ್ಲ!”

ಎಲ್ಲರೂ ನೋಡಿದರು. ಪಟ್ಟಿಯ ಬಂಧನದಿಂದ ಬಿಡುಗಡೆಯಾದ ಹೊಟ್ಟೆ ಅಂಗಿಯ ಗುಂಡಿಗಳನ್ನು ನೂಕುತ್ತ ಬೀಗರ ಮುಂದೆ ಸ್ವತಂತ್ರವಾಗಿ ನಿಂತಿತ್ತು.

“ಓ...” ಎಂದಳು ಆರ್ಲೀನ್, ಕೆಂಪಗಾಗಿ. “ಕ್ಷಮಿಸಿ.”

“ಪರವಾಗಿಲ್ಲ, ತೆಗಿಯಮ್ಮ,” ಎಂದಳು ನಡೀನ್. “ಅದನ್ನ ಮುಚ್ಚೋ ಒರೆ ಯಾವ ಅಂಗಡೀಲೂ ಸಿಗಲ್ಲ.”