ಮೇಯರ್ ಡ್ರಾಪ್ಸ್ ಸೂಟ್

ಎಲ್ಲ ಅನಾಹುತಕ್ಕೂ ಕಾರಣ ಮೂರೇ ಪದ. ಇಂಗ್ಲಿಷ್ ಪೇಪರಿನ ಮೊದಲ ಪುಟದಲ್ಲಿ, ಹೆಬ್ಬೆರಳಷ್ಟು ದಪ್ಪಕ್ಷರದಲ್ಲಿ ಅವು ಕೂತಿದ್ದವು. ಆ ಪೇಪರು ಹಿಡಿದು ಮೆಡಿಕಲ್ ಸ್ಟೋರಿನವರು ಪಕ್ಕದ ಟೈಲರ್ ಅಂಗಡಿಗೆ ನುಗ್ಗಿದಾಗ, ದರ್ಜಿ ಮೇಯರ್ ಸಾಹೇಬರ ಹೊಸ ಸೂಟಿಗೆ ಕೊನೆಯ ಕಾಜಾ ಹಾಕುತ್ತಿದ್ದ.

"ಟೈಲರೇ, ಸೂಜಿ ಕೆಳಗಿಡಿ. 'ಮೇಯರ್ ಡ್ರಾಪ್ಸ್ ಸೂಟ್' ಅಂತ ಬಂದಿದೆ!"

"ಹಾಗಂದ್ರೆ?"

"ಮೇಯರ್ ಸೂಟ್ ಕೈಬಿಟ್ರು ಅಂತ. ನಿಮ್ಮ ಸೂಟು ಬೇಡವಂತೆ."

ದರ್ಜಿ ಸೂಜಿ ಕೆಳಗಿಟ್ಟ. ಇಪ್ಪತ್ತು ವರ್ಷ ಪೈಜಾಮ, ದಿಂಬಿನ ಕವರು ಹೊಲಿದವನ ಕೈಗೆ ಸಿಕ್ಕಿದ ಮೊದಲ ದೊಡ್ಡ ಕೆಲಸ ಅದು. ಮೇಯರ್ ಮನೆಯಿಂದ ಅಳತೆಗೆಂದು ಹಳೇ ಕೋಟೊಂದು ಬಂದಿತ್ತಷ್ಟೆ. ಅವರು ಅವನನ್ನು ನೋಡಿರಲಿಲ್ಲ. ಆದರೂ ಅವನ ಹೆಂಡತಿ ನೆಂಟರಿಷ್ಟರಿಗೆಲ್ಲ ಸುದ್ದಿ ಮುಟ್ಟಿಸಿಯಾಗಿತ್ತು.

ಮೆಡಿಕಲ್ ಸ್ಟೋರಿನವರ ಕನ್ನಡಕ ಒಡೆದು ತಿಂಗಳಾಗಿತ್ತು. ಹಾಗಾಗಿ ಅವರು ತಲೆಬರಹದಿಂದ ಕೆಳಗೆ ಇಳಿಯುತ್ತಿರಲಿಲ್ಲ. ವೈದ್ಯರ ಚೀಟಿ ಹೇಗೆ ಓದುತ್ತಾರೆಂದು ಕೇಳುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ. ದರ್ಜಿಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಆದರೂ ಆ ಮೂರು ಪದಗಳನ್ನು ಅವನು ಗರ್ಭಗುಡಿಯ ಮುಂದೆ ನಿಂತವನಂತೆ ನೋಡಿದ. ಒಬ್ಬ ಮನುಷ್ಯನ ಒಂಬತ್ತು ದಿನದ ಬೆವರನ್ನು ಇಷ್ಟು ಚಿಕ್ಕದಾಗಿ ಮುಗಿಸಬಹುದೇ!

ಇಸ್ತ್ರಿ ಹಾಕುತ್ತಿದ್ದ ಭಾವಮೈದ ಇಣುಕಿದ. "ಭಾವ, ಯಾರ ಸೂಟು ಅಂತಾನೇ ಬರೆದಿಲ್ಲವಲ್ಲ. 'ದಿ' ಇಲ್ಲ, 'ಹಿಸ್' ಇಲ್ಲ."

"ಊರಿಗೆಲ್ಲ ಗೊತ್ತಿರೋ ಸೂಟಿಗೆ 'ದಿ' ಯಾಕಯ್ಯ?" ಎಂದರು ಮೆಡಿಕಲ್ ಸ್ಟೋರಿನವರು. ಆಮೇಲೆ ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡರು. "ಅಯ್ಯೋ! ಟೈಲರೇ, ಇದು 'ಡ್ರಾಪ್ಡ್' ಅಲ್ಲ, 'ಡ್ರಾಪ್ಸ್'! ವರ್ತಮಾನಕಾಲ! ಇನ್ನೂ ಬಿಟ್ಟಿಲ್ಲ, ಬಿಡ್ತಾ ಇದ್ದಾರೆ! ಈಗ ಓಡಿದ್ರೆ ತಡೀಬಹುದು!"

ದರ್ಜಿ ಕೊರಳಲ್ಲಿ ಟೇಪು ಹಾಗೇ ನೇತಾಡುತ್ತಿರುವಂತೆ ಸೈಕಲ್ ಹತ್ತಿದ. ಮೊದಲ ತಿರುವಿನಲ್ಲಿ ಚೈನು ಬಿತ್ತು. ಎರಡನೇ ತಿರುವಿನಲ್ಲಿ ಬಲಗಾಲಿನ ಚಪ್ಪಲಿ ಚರಂಡಿ ಪಾಲಾಯಿತು. ಪಾಲಿಕೆಯ ಬಾಗಿಲಿಗೆ ಬಂದಾಗ ಅವನು ಕೋಳಿ ಅಟ್ಟಿಸಿಕೊಂಡು ಬಂದ ನಾಯಿಯಂತೆ ಏದುಸಿರು ಬಿಡುತ್ತಿದ್ದ.

"ಏನು ಕೆಲಸ?" ಎಂದ ಕಾವಲುಗಾರ.

"ಮೇಯರ್ ಸಾಹೇಬ್ರ ಸೂಟಿನ ವಿಷಯ."

"ನೀವೂ ಅದಕ್ಕೇ ಬಂದ್ರಾ? ಬೆಳಗ್ಗೆಯಿಂದ ಎಲ್ಲರದೂ ಅದೇ ಪುರಾಣ. ಹೋಗಿ ಒಳಗೆ."

ಊರಿಗೆ ಊರೇ ತನ್ನ ಸೂಟಿಗಾಗಿ ಬಂದಿದೆಯೇ! ದರ್ಜಿಗೆ ಮೈ ಜುಮ್ಮೆಂದಿತು. ಒಳಗೆ ನಾಲ್ಕಾರು ಪತ್ರಕರ್ತರ ನಡುವೆ ಮೇಯರ್ ಕೂತಿದ್ದರು. ದರ್ಜಿ ನೇರ ಹೋಗಿ ಕೈಮುಗಿದ.

"ಸ್ವಾಮಿ, ಸೂಟ್ ಬಿಡಬೇಡಿ!"

"ಯಾಕಪ್ಪಾ ಬಿಡಬಾರದು?" ಎಂದರು ಮೇಯರ್.

"ಎಷ್ಟು ದಿನ ಕಣ್ಣು ಬಾಡಿಸಿಕೊಂಡು ಎಳೆ ಎಳೆ ಜೋಡಿಸಿದ್ದು ಸ್ವಾಮಿ ಅದು."

"ನಮ್ಮ ವಕೀಲ್ರೂ ಇದನ್ನೇ ಅಂದ್ರು."

ವಕೀಲರಿಗೂ ಹೊಲಿಗೆಯ ಬೆಲೆ ಗೊತ್ತಿದೆಯಲ್ಲ ಎಂದು ದರ್ಜಿ ಬೆರಗಾದ. "ಎಲ್ಲಾದ್ರೂ ಸಡಿಲ ಇದ್ರೆ ಬಿಗಿ ಮಾಡೋಣ. ಆದ್ರೆ ನೀವು ಬಿಟ್ರೆ ಜನ ಆಡ್ಕೊಂಡು ನಗ್ತಾರೆ. ನಮ್ಮಂಥ ಬಡವರು ತಲೆ ಎತ್ತೋ ಹಾಗಿಲ್ಲ!"

ಮೇಯರ್ ಕನ್ನಡಕ ತೆಗೆದು ಒರೆಸಿದರು. "ನೋಡಿ, ಜನಸಾಮಾನ್ಯ ಅಂದ್ರೆ ಇವರು! ನಾನು ಬಿಟ್ಟಿದ್ದೇ ತಪ್ಪಾಯ್ತು. ಸೂಟ್ ಮತ್ತೆ ಹಾಕ್ತೀನಿ. ನಾಳೆ ಬೆಳಗ್ಗೆನೇ ಹಾಕ್ತೀನಿ!"

"ಹಾಕಿ ಸ್ವಾಮಿ, ಹಾಕಿ!" ದರ್ಜಿಯ ಕಣ್ಣಲ್ಲಿ ನೀರು ಬಂತು.

ಹೊರಡುವಾಗ ಒಬ್ಬ ಪತ್ರಕರ್ತ ಅವನ ಕೊರಳ ಟೇಪು ನೋಡಿ ಕೇಳಿದ, "ನಿಮ್ಮ ಅಂಗಡಿ ಎಲ್ಲಿ?"

"ಮಾರ್ಕೆಟ್ ಹಿಂದಿನ ಸಾಲು. ನಾಲ್ಕನೇದು."

ಪತ್ರಕರ್ತನ ಪೆನ್ನು ನಿಂತಿತು. ಅವನು ಎದ್ದು ದರ್ಜಿಯ ಎರಡೂ ಕೈ ಹಿಡಿದ. "ಇಂಥ ತ್ಯಾಗ ನಾನು ಜನ್ಮದಲ್ಲಿ ನೋಡಿಲ್ಲ."

ತ್ಯಾಗವೆಂದರೆ ಹೋದ ಚಪ್ಪಲಿ ಇರಬೇಕೆಂದುಕೊಂಡು ದರ್ಜಿ ನಾಚಿದ.

ಸಂಜೆಯ ಪೇಪರು ಬರುವ ಹೊತ್ತಿಗೆ ಇಡೀ ಸಾಲಿನ ಅಂಗಡಿಯವರು ಅವನ ಮುಂದೆ ನೆರೆದಿದ್ದರು. ಈ ಸಲ ಓದಲು ಮಹಡಿಯಿಂದ ಟ್ಯೂಷನ್ ಮೇಷ್ಟ್ರನ್ನೇ ಕರೆದು ತಂದಿದ್ದರು. ಮೇಷ್ಟ್ರು ಗಟ್ಟಿಯಾಗಿ ಓದಿದರು: "ಟೈಲರ್ ಮೂವ್ಸ್ ಮೇಯರ್, ಮೇಯರ್ ಟು ಮೂವ್ ಟೈಲರ್."

ಓದಿ ಕಣ್ಣು ಮುಚ್ಚಿಕೊಂಡರು. "ಆಹಾ! ಎಂಥಾ ವಾಕ್ಯ!"

"ಬಿಡಿಸಿ ಹೇಳಿ ಮೇಷ್ಟ್ರೇ!"

"ಮೊದಲನೇದು 'ಮೂವ್ಸ್'. ನೋಡೋಕೆ ವರ್ತಮಾನ, ಆದ್ರೆ ತಲೆಬರಹದಲ್ಲಿ ಅದು ಆಗಿಹೋದ ಕೆಲಸ. ಟೈಲರ್ ಮೇಯರ್ ಮನಸ್ಸನ್ನ ಕದಲಿಸಿದ್ರು. ಬೆಳಗಿನ 'ಡ್ರಾಪ್ಸ್' ಕೂಡ ಅಷ್ಟೇ, ನಿನ್ನೆಯೇ ಬಿಟ್ಟಾಗಿತ್ತು."

ಎಲ್ಲರೂ ಚಪ್ಪಾಳೆ ತಟ್ಟಿದರು. ಮೆಡಿಕಲ್ ಸ್ಟೋರಿನವರು ಮಾತ್ರ ಗೋಡೆ ನೋಡಿದರು.

"ಎರಡನೇದರಲ್ಲಿ 'ಟು' ಇದೆ. 'ವಿಲ್' ಇಲ್ಲ, 'ಶಲ್' ಇಲ್ಲ, ಬರೀ 'ಟು'. ಆದ್ರೂ ಪೂರ್ತಿ ಭವಿಷ್ಯತ್ಕಾಲ! ಮೇಯರ್ ಟೈಲರನ್ನ ಕದಲಿಸೋರಿದ್ದಾರೆ."

"ನನ್ನ ಮನಸ್ಸನ್ನಾ?"

"ಅಲ್ಲ. ಅಂಗಡಿಯನ್ನ." ಮೇಷ್ಟ್ರು ಸಣ್ಣಕ್ಷರಕ್ಕೆ ಇಳಿದರು, ಇಳಿದಷ್ಟೂ ಮುಖ ಬಾಡಿತು. "ಇಲ್ಲಿ ಸೂಟ್ ಅಂದ್ರೆ ಕೋಟು ಪ್ಯಾಂಟಲ್ಲ ರೀ, ಕೋರ್ಟಿನ ದಾವೆ. ರಸ್ತೆ ಅಗಲ ಮಾಡೋಕೆ ಈ ಸಾಲು ಪೂರ್ತಿ ತೆಗೀಬೇಕು ಅಂತ ಪಾಲಿಕೆ ನಮ್ಮ ಕಟ್ಟಡದ ಮಾಲೀಕನ ಮೇಲೆ ಹಾಕಿತ್ತಂತೆ. ಆ ಮಹಾನುಭಾವ ನಮಗೆ ಹೇಳೇ ಇಲ್ಲ. ಮೇಯರ್ ನಿನ್ನೆ ಪಾಪ ಅಂತ ಬಿಟ್ಟಿದ್ರು. ನೀವು ಹೋಗಿ ಮತ್ತೆ ಹಾಕೋ ಹಾಗೆ ಮಾಡಿದ್ರಿ. ಹಾಕೋದಷ್ಟೇ ಅಲ್ಲ, 'ಅಂಗಡಿಯವನೇ ಕೈಮುಗಿದು ಕೇಳಿಕೊಂಡ' ಅಂತ ಮಾಲೀಕನೂ ಮನ ಕರಗಿ, ಜಾಗ ಬಿಟ್ಟುಕೊಡೋಕೆ ಒಪ್ಪಿಬಿಟ್ಟಿದ್ದಾನೆ. ಇನ್ನು ದಾವೆಗೂ ಕಾಯಬೇಕಿಲ್ಲ."

ಚಪ್ಪಾಳೆ ತಟ್ಟಿದ ಕೈಗಳು ನಿಧಾನವಾಗಿ ಸೊಂಟಕ್ಕೆ ಹೋದವು. ಹನ್ನೆರಡು ಅಂಗಡಿಗಳ ಕಣ್ಣು ಒಬ್ಬನ ಮೇಲೆ ನೆಟ್ಟಿತು.

ದರ್ಜಿ ಪೇಪರನ್ನೇ ನೋಡುತ್ತಿದ್ದ. ಎರಡಕ್ಷರದ ಆ ಪದದ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದ: "ಮೇಷ್ಟ್ರೇ, ಈ 'ಟು' ಒಳಗೆ ಎಷ್ಟು ದಿನ ಇರುತ್ತೆ?"

ಮೇಷ್ಟ್ರು ಹೊರಗೆ ನೋಡಿದರು. ಗೋಂದಿನ ಡಬ್ಬಿ ಹಿಡಿದ ಪಾಲಿಕೆಯ ನೌಕರನೊಬ್ಬ ಬಾಗಿಲಿಗೆ ಕಾಗದವೊಂದನ್ನು ಅಂಟಿಸಿ ಅಂಗೈಯಿಂದ ಸವರುತ್ತಿದ್ದ.

"ವ್ಯಾಕರಣದಲ್ಲಿ ಅದಕ್ಕೆ ಮಿತಿಯಿಲ್ಲ ಟೈಲರೇ," ಎಂದರು ಮೇಷ್ಟ್ರು. "ಆ ನೋಟೀಸಿನಲ್ಲಿ ಹದಿನೈದು."