ಎಡದ ಹಲ್ಲು ಭಾವನಿಗೆ, ಬಲದ್ದು ಮಾವನಿಗೆ

ಕ್ಯಾಮೆರಾ ತಗುಲಿ ಮುಂದಿನ ಎರಡು ಹಲ್ಲು ಮೊಂಡಾದ ಮೇಲೆ ಫೋಟೋಗ್ರಾಫರ್ ತುಟಿ ಬಿಚ್ಚಿ ನಕ್ಕಿದ್ದೇ ಇಲ್ಲ. ಇವತ್ತು ಸಂಜೆ ಅವನದೇ ಮದುವೆ. ಮದುವೆ ಫೋಟೋದಲ್ಲಾದರೂ ಬಾಯ್ತುಂಬ ನಗಬೇಕು, ಅಷ್ಟೇ ಅವನ ಆಸೆ.

ಹಲ್ಲಿನ ಮೇಲೆ ವೆನೀರ್, ಅಂದರೆ ಪಿಂಗಾಣಿಯ ತೆಳ್ಳನೆ ಹೊದಿಕೆ, ಅಂಟಿಸಿದರೆ ಮುಗಿಯಿತು. ಆದರೆ ಅಕ್ಕನ ಗಂಡ ಹಲ್ಲಿನ ಡಾಕ್ಟರು. ಹುಡುಗಿಯ ಸೋದರಮಾವನೂ ಹಲ್ಲಿನ ಡಾಕ್ಟರೇ. ಭಾವನದು ಸ್ಕ್ಯಾನರು, ಕಂಪ್ಯೂಟರು; ಮಾವನದು ಅಚ್ಚು, ಮೇಣ, ಕೈಕೆಲಸ. ಒಬ್ಬರ ಹತ್ತಿರ ಹೋದರೆ ಇನ್ನೊಬ್ಬರ ಮುಖ ಊದುತ್ತದೆ. ಅಣ್ಣತಮ್ಮಂದಿರಿಗೆ ಕೋಣೆ ಹಂಚಿದ ಹಾಗೆ ಅವನು ಒಬ್ಬೊಬ್ಬರಿಗೆ ಒಂದೊಂದು ಹಲ್ಲು ಹಂಚಿಬಿಟ್ಟ.

ಮಧ್ಯಾಹ್ನ ಭಾವನ ಕ್ಲಿನಿಕ್ಕಿನಲ್ಲಿ ಡಾಕ್ಟರಿಬ್ಬರೂ ಸೇರಿ ಎರಡೂ ವೆನೀರನ್ನು ತಾತ್ಕಾಲಿಕ ಅಂಟು ಹಚ್ಚಿ ಕೂರಿಸಿದರು.

"ಎಷ್ಟು ಚೆಂದ ಕಾಣ್ತೀಯೋ!" ಅಂದಳು ಅಕ್ಕ. "ಎರಡೂ ಒಂದೇ ಥರ ಇದೆ."

ಅಷ್ಟು ಸಾಕಾಯಿತು.

"ಒಂದೇ ಥರಾನಾ?" ಮಾವ ಕನ್ನಡಕ ಏರಿಸಿದರು. "ಬಲಗಡೇದು ನೋಡಮ್ಮ, ಜೀವ ಇದೆ. ಕೈಯಲ್ಲಿ ತಿದ್ದಿದ್ದು."

"ಎಡಗಡೇದರ ಅಂಚು ನೋಡಿ ಡಾಕ್ಟ್ರೇ," ಅಂದರು ಭಾವ. "ಕೂದಲೆಳೆ ಕೂಡ ತೂರಲ್ಲ."

"ಹಾಗಾದ್ರೆ ತೆಗೆದು ಒಳಭಾಗ ನೋಡೇಬಿಡೋಣ!"

"ಬೇಡ ಮಾವ, ಚೆನ್ನಾಗೇ ಇದೆ..." ಅಂದ ಮದುಮಗ.

"ಸುಮ್ನಿರಿ ಅಳಿಯಂದ್ರೇ, ನಿಮಗೆ ಹಲ್ಲಿನ ವಿಷಯ ಏನು ಗೊತ್ತು?"

ಎರಡೂ ಕಳಚಿ ಬಂದವು. ದೀಪದ ಕೆಳಗೆ ಹಿಡಿದರು, ತಿರುಗಿಸಿದರು, ಏನೂ ತೀರ್ಮಾನವಾಗಲಿಲ್ಲ. ಕೊನೆಗೆ ಮಾವ ತಮಗೆ ವೆನೀರ್ ಮಾಡಿಕೊಡುವ ಲ್ಯಾಬಿನವನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳಲೆಂದು ಸ್ಪೀಕರ್ ಒತ್ತಿದರು.

"ಓ, ಆ ಕೇಸಾ ಸಾರ್? ನೀವು ಅಚ್ಚು ಕಳಿಸಿದ್ರಿ, ಇನ್ನೊಬ್ಬ ಡಾಕ್ಟ್ರು ಸ್ಕ್ಯಾನ್ ಕಳಿಸಿದ್ರು. ನೋಡಿದ್ರೆ ಒಂದೇ ಬಾಯಿ! ಜೋಡಿ ಹೊಂದಲಿ ಅಂತ ಎರಡನ್ನೂ ಮೆಷಿನ್ನಲ್ಲೇ ಕೊರೆದು, ಎರಡನ್ನೂ ಕೈಯಲ್ಲೇ ತಿದ್ದಿದೆ."

ಭಾವ ಮಾವನ ಮುಖ ನೋಡಿದರು. ಮಾವ ಭಾವನ ಮುಖ ನೋಡಿದರು.

"ಇದನ್ನ ಒಪ್ಪೋಕಾಗಲ್ಲ ಡಾಕ್ಟ್ರೇ," ಅಂದರು ಮಾವ.

"ಖಂಡಿತ ಆಗಲ್ಲ ಡಾಕ್ಟ್ರೇ. ವಾಪಸ್ ಕಳಿಸೋಣ."

ಮದುವೆ ಗೊತ್ತಾದಾಗಿನಿಂದ ಇಬ್ಬರೂ ಒಪ್ಪಿದ ಮೊದಲ ಮಾತು ಅದು. ಅಕ್ಕನಿಗೆ ಕಣ್ಣೇ ತುಂಬಿ ಬಂತು. ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಇದ್ದವನನ್ನು ಯಾರೂ ಕೇಳಲಿಲ್ಲ. ವೆನೀರುಗಳು ಡಬ್ಬಿ ಸೇರಿ ಲ್ಯಾಬಿನ ದಾರಿ ಹಿಡಿದವು.

ಸಂಜೆ ಫೋಟೋಗೆ ನಿಂತಾಗ ಡಾಕ್ಟರಿಬ್ಬರೂ ಹೆಗಲ ಮೇಲೆ ಕೈ ಹಾಕಿಕೊಂಡು ಹಲ್ಲು ಕಿಸಿಯುತ್ತಿದ್ದರು. ಮದುಮಗ ಮಾತ್ರ ತುಟಿ ಬಿಗಿದು, ಮೇಷ್ಟ್ರು ಬೈದು ನಿಲ್ಲಿಸಿದ ಹುಡುಗನ ಹಾಗೆ ನಿಂತಿದ್ದ.

ಹುಡುಗಿ ಪಕ್ಕದಿಂದ ಪಿಸುಗುಟ್ಟಿದಳು: "ಯಾಕ್ರೀ, ನನ್ನ ಮದುವೆಯಾಗೋಕೆ ನಿಮಗೆ ಇಷ್ಟ ಇರಲಿಲ್ವಾ?"

"ಅಯ್ಯಯ್ಯೋ, ಹಾಗಲ್ಲ!" ಎಂದು ಅವನು ಗಾಬರಿಯಿಂದ ಬಾಯಿ ಅಗಲಿಸಿದ.

ಸರಿಯಾಗಿ ಆಗಲೇ ಫ್ಲ್ಯಾಶ್ ಬೆಳಗಿತು.