ಖಾಯಂ ಆದ ಕಾಳಪ್ಪ

ನಾಲ್ಕು ತಾಲ್ಲೂಕುಗಳ ಶಾಶ್ವತ ರಸ್ತೆ ಮಂಡಳಿಯ ವ್ಯಾಪ್ತಿಯಲ್ಲಿ ಯಾವ ರಸ್ತೆಯೂ ಎರಡನೆಯ ಮಳೆಗಾಲ ಕಂಡಿಲ್ಲವೆಂಬುದು ದಾಖಲೆಗಳಿಂದ ದೃಢಪಟ್ಟಿರುತ್ತದೆ. ಪರಿಹಾರ ಹುಡುಕಲು ಎಂಜಿನಿಯರ್ ಮಹದೇವಸ್ವಾಮಿಯವರನ್ನು, ಮಂಡಳಿಯ ಅಧ್ಯಕ್ಷರ ಹಾಗೂ ಅವರ ಭಾಮೈದನ ಸಮೇತ, ಸೈಬೀರಿಯದ ಹೆಪ್ಪುಗಟ್ಟಿದ ಹೆದ್ದಾರಿಯೊಂದರ ಅಧ್ಯಯನಕ್ಕೆ ಕಳುಹಿಸಲಾಯಿತು.

ಹದಿನಾರು ದಿನದ ಮೇಲೆ ಬಂದವರು ನಾಗಮಂಗಲದಲ್ಲಿ ಗ್ಯಾಂಗ್‌ಮನ್‌ಗಳ ಸಭೆ ಕರೆದರು. ಇಪ್ಪತ್ತಾರು ವರ್ಷದಿಂದ ದಿನಗೂಲಿಯಲ್ಲೇ ಗುಂಡಿ ಮುಚ್ಚುತ್ತ, ಖಾಯಂ ಆದೇಶಕ್ಕೆ ಕಾದು ತಲೆ ನರೆತಿದ್ದ ಕಾಳಪ್ಪ ಮುಂದಿನ ಸಾಲಲ್ಲೇ ಕೂತ.

ಮಹದೇವಸ್ವಾಮಿ ವರದಿ ಓದಿದರು: "ಸದರಿ ರಸ್ತೆಯನ್ನು ಕೈದಿಗಳು ನಿರ್ಮಿಸಿರುತ್ತಾರೆ. ಅವರು ಕೂಲಿ ಕೇಳಿರುವುದಿಲ್ಲ, ರಜೆ ಕೇಳಿರುವುದಿಲ್ಲ, ಮನೆಗೂ ಹಿಂತಿರುಗಿರುವುದಿಲ್ಲ."

"ಮನೆಗ್ಯಾಕೆ ವೋಗ್ನಿಲ್ಲ ಸಾ?" ಕಾಳಪ್ಪ ಕೇಳಿದ.

"ಚಳಿ, ಹಸಿವು, ಕಾವಲುಗಾರರ ಗುಂಡು. ಸತ್ತವರನ್ನು ರಸ್ತೆಯೊಳಗೇ ಹೂತರಂತೆ. ಇಂದಿಗೂ ಒಬ್ಬರೂ ಜಾಗ ಬಿಟ್ಟು ಕದಲಿಲ್ಲ. ಅದಕ್ಕೇ ರಸ್ತೆ ಗಟ್ಟಿ."

ಕಾಳಪ್ಪ ಮತ್ತೆ ಕೇಳಿದ: "ಅವರ ಮನೆಯೋರು ಉಡುಕ್ನಿಲ್ವ ಸಾ?"

"ಆ ಅಂಶ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲ."

ವಾರದೊಳಗೆ ಸುತ್ತೋಲೆ ಬಂತು. ಎಲ್ಲ ಗ್ಯಾಂಗ್‌ಮನ್‌ಗಳನ್ನು ಖಾಯಂಗೊಳಿಸಲಾಗಿದೆ. ಮರಣಾನಂತರ ತಾವು ದುಡಿದ ರಸ್ತೆಯ ಅಡಿಯಲ್ಲೇ ಸೇವೆ ಮುಂದುವರಿಸತಕ್ಕದ್ದು. ವರ್ಗಾವಣೆಗೆ ಅವಕಾಶವಿರುವುದಿಲ್ಲ. ಖಾಯಂ ವೇತನ ಶ್ರೇಣಿಯು ಸದರಿ ಸೇವೆ ಆರಂಭವಾದ ದಿನಾಂಕದಿಂದ ಅನ್ವಯಿಸುತ್ತದೆ. ಎಲ್ಲರೂ ಒಪ್ಪಿಗೆ ಪತ್ರಕ್ಕೆ ಸಹಿ ಮಾಡತಕ್ಕದ್ದು.

"ಖಾಯಂ ಆಯ್ತು ಕಣಮ್ಮಿ," ಎಂದು ಕಾಳಪ್ಪ ಹೆಂಡತಿ ಮೂಗಮ್ಮನಿಗೆ ಹೇಳಿದ. ಮಿಕ್ಕದ್ದನ್ನೂ ಓದಿದ.

ಮೂಗಮ್ಮ ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು. "ನಿಮ್ಮಪ್ಪನ ಸಮಾಧಿ ಮಗ್ಗುಲಾಗೆ ನಿಂಗೆ ಜಾಗ ಐತಲ್ಲ. ಸೈನ್ ಆಕ್ಬ್ಯಾಡ."

"ಆಕ್ದಿದ್ರೆ ನಾಳಿಂದ ಕೆಲ್ಸ ಇಲ್ವಂತೆ."

ಅವಳು ಮತ್ತೆ ಮೊರ ಎತ್ತಲಿಲ್ಲ.

ಮಾರನೆಯ ದಿನ ಸಹಿ ಹಾಕುವ ಮುನ್ನ ಕಾಳಪ್ಪ ಕೈಮುಗಿದು ಒಂದೇ ಒಂದು ಕೋರಿಕೆ ಇಟ್ಟ: "ಉಣಿಸೇಮರದ ತಿರುವು ನಂಗಿರ್ಲಿ ಸಾ. ನೆಳ್ಳೈತೆ."

"ಜ್ಯೇಷ್ಠತೆಯ ಮೇರೆಗೆ ಪರಿಶೀಲಿಸಲಾಗುವುದು," ಎಂದರು ಮಹದೇವಸ್ವಾಮಿ, ಮುಂದಿನವನನ್ನು ಕರೆಯುತ್ತ.

ಸಂಜೆ ಪಕ್ಕದ ಮನೆಯ ಹೊನ್ನಪ್ಪ ಒಂದು ಚಿಪ್ಪು ಬಾಳೆಹಣ್ಣು ತಂದು ಕಾಳಪ್ಪನ ಕೈಗಿಟ್ಟ. "ಪುಣ್ಯ ಮಾಡಿದ್ದೆ ಕಣಣ್ಣ ನೀನು," ಅಂದ. ಆಮೇಲೆ ಹತ್ತಿರ ಜರುಗಿ ದನಿ ತಗ್ಗಿಸಿದ:

"ನನ್ ಮಗ ದಿಲೀಪ ಡಿಗ್ರಿ ಮುಗಿಸ್ಕಂಡು ಸುಮ್ನೆ ಕುಂತವ್ನೆ. ಸಾಹೇಬರಿಗೇಳಿ ಅವನ್ಗೂ ಒಂದು ಜಾಗ ಮಾಡ್ಸಣ್ಣ. ರಸ್ತೆ ನಡುಮಧ್ಯ ಸಿಗ್ದಿದ್ರೆ ಬ್ಯಾಡ, ಚರಂಡಿ ಪಕ್ಕ ಆದ್ರೂ ಸರಿ."